ಮೇಷ್ಟ್ರು ಕರೆಯಲು ಬಂದರು

“ಕಾಲೇಜಿಗೆ ಗ್ರೇಡು ಕೊಡೋ ತಂಡ ಬರ್ತಿದೆ, ಓದು ಬಿಟ್ಟವರನ್ನೆಲ್ಲ ಕರ್ಕೊಂಡು ಬನ್ನಿ” ಎಂದು ಪ್ರಿನ್ಸಿಪಾಲರು ಗದರಿದ ಮೇಲೆಯೇ ಮೇಷ್ಟ್ರಿಗೆ ಶಿಷ್ಯವಾತ್ಸಲ್ಯ ಉಕ್ಕಿದ್ದು. ಓದು ಬಿಟ್ಟವಳೊಬ್ಬಳ ವಿಳಾಸ ಕೇಳಿಕೊಂಡು ಹೋದರೆ ಹುಡುಗಿ ಬಾಗಿಲಲ್ಲೇ ಸಿಕ್ಕಳು.

“ನಿನ್ನಂಥ ಜಾಣೆ ಓದು ಬಿಡೋದೇನಮ್ಮಾ? ಮುಂದಿನ ಬೆಂಚಲ್ಲಿ ಕೂತು ಎಷ್ಟು ಪ್ರಶ್ನೆ ಕೇಳ್ತಿದ್ದೆ! ನೀನಿಲ್ಲದೆ ಕ್ಲಾಸು ಬಿಕೋ ಅನ್ನುತ್ತೆ.”

“ನಿಜವಾಗ್ಲೂ ಸಾರ್?”

“ಮತ್ತೆ ಸುಳ್ಳು ಹೇಳ್ತೀನಾ? ಹಾಜರಿ ಕೊರತೆ ನನಗೆ ಬಿಡು. ನೀನು ಡಿಗ್ರಿ ಮುಗಿಸು, ಸಾಕು.”

ಹುಡುಗಿಯ ಕಣ್ಣು ತುಂಬಿ ಬಂತು. ಕೆಲಸ ಆಯಿತು ಎಂದುಕೊಂಡರು ಮೇಷ್ಟ್ರು.

“ಸೋಮವಾರ ಬರ್ತೀಯಲ್ಲ?”

“ನಾನು ತಂಗಿ ಸಾರ್. ನೀವು ಒಂದ್ಸಲ ಬಂದು ಕರೆದೇ ಕರೀತೀರಿ ಅಂತ ಅಕ್ಕ ಸಾಯೋ ತನಕ ಹೇಳ್ತಿದ್ಲು.”