ಪಳಗಿದ ಪಿಸ್ತೂಲು

ಊರಾಚೆಯ ಬಡಾವಣೆಯಲ್ಲಿ ಕಳ್ಳರ ಕಾಟ ಹೆಚ್ಚಿತ್ತು.

"ಒಂದು ನಾಯಿ ಸಾಕೋಣಾರೀ," ಎಂದಳು ಹೆಂಡತಿ.

"ನಾಯಿ ನಂಬ್ಕೊಂಡು ಮಲಗೋದಾ?" ಎಂದು ಗದರಿದ ಕಂಟ್ರಾಕ್ಟರ್, ಓಡಾಡಿ ಲೈಸೆನ್ಸ್ ಮಾಡಿಸಿ ಹೊಸ ಪಿಸ್ತೂಲು ಕೊಂಡ.

ಶೂಟಿಂಗ್ ರೇಂಜಿನಲ್ಲಿ ಎರಡನೇ ಗುಂಡೇ ಅದರೊಳಗೆ ಸಿಕ್ಕಿಹಾಕಿಕೊಂಡಿತು.

"ಹೊಸದಲ್ವಾ ಸಾರ್, ಬಿಗಿ ಇರುತ್ತೆ," ಎಂದ ಜೊತೆಗೆ ಬಂದಿದ್ದ ಅಂಗಡಿಯವನು. "ಹೊಡೀತಾ ಹೋಗಿ, ಪಳಗುತ್ತೆ."

ಸಿಕ್ಕಿದಾಗೆಲ್ಲ ಬಿಡಿಸಿ, ಬೆವರೊರೆಸಿಕೊಂಡು, ಮತ್ತೆ ಮತ್ತೆ ಹೊಡೆದ. ಸಂಜೆಯ ಹೊತ್ತಿಗೆ ಗುಂಡುಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬರುತ್ತಿದ್ದವು.

"ಈಗ ಕಣ್ಮುಚ್ಚಿ ನಂಬಬಹುದು ಸಾರ್."

"ಹಾಗಾದ್ರೆ ಮನೆಗೆ ಇನ್ನೊಂದು ಡಬ್ಬಿ ಗುಂಡು ಕೊಡಪ್ಪಾ."

"ನಿಮ್ಮ ಲೈಸೆನ್ಸಿಗೆ ಈ ವರ್ಷ ಕೊಡೋ ಗುಂಡೆಲ್ಲಾ ಇಲ್ಲೇ ಮುಗಿಸಿದ್ರಲ್ಲ ಸಾರ್! ಇನ್ನೇನಿದ್ರೂ ಮುಂದಿನ ವರ್ಷವೇ. ಅಲ್ಲೀವರೆಗೆ ಒಂದು ಒಳ್ಳೇ ನಾಯಿ ಸಾಕ್ಕೊಳ್ಳಿ."