ತಾಳು, ಬಂದೆ

ಗುಬ್ಬಿ ಉಟ್ಟಿದ್ದ ಸೀರೆಯನ್ನು ಚಂದ್ರಿಕಮ್ಮ ಆರನೆಯ ಪುಟದಲ್ಲೇ ಗುರುತು ಹಿಡಿದರು. ಹಸಿರು ಅಂಚಿನ ಮಡಿಸೀರೆ. ತಮ್ಮದೇ.

ಪುಸ್ತಕ ಮೊಮ್ಮಗಳು ಧೃತಿಯದು. ಚಿತ್ರಕಲೆ ಓದುವ ಹುಡುಗಿ, ಚಿಕ್ಕಮಕ್ಕಳ ಕಥೆಯೊಂದನ್ನು ಭಯ ಹುಟ್ಟಿಸುವ ಚಿತ್ರಕಾದಂಬರಿ ಮಾಡಿದ್ದಾಳೆ. ಇನ್ನೊಂದು ಗಂಟೆಗೆ ಇಲ್ಲೇ, ಪರದೇಶದ ಈ ಹ್ಯಾರೋ ಊರಿನ ಲೈಬ್ರರಿಯಲ್ಲಿ ಬಿಡುಗಡೆ.

ಕಥೆಯನ್ನು ಅವಳಿಗೆ ತುತ್ತಿಡುತ್ತ ಹೇಳಿದವರು ಚಂದ್ರಿಕಮ್ಮನೇ. ಮಳೆಗೆ ಮನೆ ಕೊಚ್ಚಿಹೋದ ಕಾಗೆ ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ. ತಾಳು, ಮಗುವಿಗೆ ನೀರು ಹಾಕಿ ಬಂದೆ ಎನ್ನುತ್ತದೆ ಗುಬ್ಬಿ. ತಾಳು, ಬೊಟ್ಟಿಟ್ಟು ಬಂದೆ. ಕಾಗೆ ನೆನೆಯುತ್ತ ನಿಂತೇ ಇರುತ್ತದೆ.

ಧೃತಿಯ ಗುಬ್ಬಿಯ ಮಾತೇ ಬೇರೆ. ತಾಳು, ದೀಪ ಹಚ್ಚಿ ಬಂದೆ. ತಾಳು, ನೈವೇದ್ಯ ಇಟ್ಟು ಬಂದೆ. ತಾಳು, ಮಂಗಳಾರತಿ ಎತ್ತಿ ಬಂದೆ.

ಓದಿದರೂ ಚಂದ್ರಿಕಮ್ಮನಿಗೆ ಏನೂ ಅನ್ನಿಸಲಿಲ್ಲ. ಹನ್ನೊಂದು ತಿಂಗಳಿಂದ ಏನೂ ಅನ್ನಿಸುತ್ತಿರಲಿಲ್ಲ.

ಹನ್ನೊಂದು ತಿಂಗಳ ಹಿಂದಿನ ಆ ಬೆಳಿಗ್ಗೆ ಮಗ ವಿನಾಯಕ ಆಸ್ಪತ್ರೆಯಲ್ಲಿದ್ದ. ಸೊಸೆ ಅವನ ಪಕ್ಕದಲ್ಲಿದ್ದಳು. ಚಂದ್ರಿಕಮ್ಮ ಮಡಿಯುಟ್ಟು ಮಗನ ಹೆಸರಿನಲ್ಲಿ ಪೂಜೆಗೆ ಕೂತಿದ್ದರು. ಕರ್ಪೂರದ ಹೊಗೆಗೆ ಮನೆಯ ಬೆಂಕಿ ಅಲಾರಂ ಬಡಿದುಕೊಳ್ಳುತ್ತದೆಂದು ದೇವರ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದು ವಾಡಿಕೆ. ಧೃತಿ ಮೂರು ಸಲ ತಟ್ಟಿದಳು. ಮೆಲ್ಲಗೆ. ಫೋನು ಬಂದಿರಬೇಕು, ಆದರೆ ಮಡಿಯಲ್ಲಿ ಅದನ್ನು ಮುಟ್ಟುವಂತಿಲ್ಲ. ಮೂರು ಸಲವೂ ಒಳಗಿನಿಂದ 'ತಾಳು' ಎಂದರು. ಕೊನೆಗೆ ಬಾಗಿಲು ತೆಗೆದಾಗ ಹುಡುಗಿ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ಹೋದರು ಎಂದಳು.

"ನಿಮ್ಮ ಹತ್ರ ಮಾತಾಡ್ಬೇಕು ಅಂತಿದ್ರು ಅತ್ತೆ," ಎಂದು ಸೊಸೆ ಆಮೇಲೆ ಅತ್ತಿದ್ದಳು. ಅತ್ತೆಗೆ ಅಷ್ಟು ಸಾಕಾಯಿತು. ಮಗ ಫೋನಿನಲ್ಲಿ ಕಾದ, ತಾಯಿ ಆರತಿ ಎತ್ತುತ್ತಿದ್ದಳು. ಅಂದಿನಿಂದ ಚಂದ್ರಿಕಮ್ಮ ದೀಪ ಹಚ್ಚಿಲ್ಲ. ಆ ಬೆಳಗಿನ ಮಾತನ್ನು ಅಜ್ಜಿಯಾಗಲಿ ಮೊಮ್ಮಗಳಾಗಲಿ ಎತ್ತಿಲ್ಲ.

ಪುಸ್ತಕದಲ್ಲಿ ಕಾಗೆ ಪುಟಪುಟಕ್ಕೂ ಬೆಳೆಯುತ್ತದೆ. ಸುರಿಯುವ ಮಳೆಯಲ್ಲಿ ನಿಂತರೂ ಅದರ ರೆಕ್ಕೆ ಒದ್ದೆಯಿಲ್ಲ. ಕೊಕ್ಕು ಬಿಗಿದಿದೆ. ಒಳಗೆ ಗುಬ್ಬಿಯ ಮನೆಯ ತುಂಬ ಹಳದಿ ಬೆಳಕು. ಗುಬ್ಬಿ ಬಾಗಿಲು ತೆಗೆಯುತ್ತದೆ. ಕಾಗೆ ಕೊಕ್ಕು ತೆರೆಯುತ್ತದೆ. ಮುಂದಿನ ಪುಟ ಪೂರ್ತಿ ಕಪ್ಪು.

ಸೇಡು, ಎಂದುಕೊಂಡರು ಚಂದ್ರಿಕಮ್ಮ. ನ್ಯಾಯವಾದದ್ದೇ.

ಧೃತಿ ಕೋಟಿಗೆ ಒಂದು ತೋಳು ತೂರಿಸುತ್ತ ಮೆಟ್ಟಿಲಿಳಿದು ಬಂದಳು.

"ಅಜ್ಜಿ, ಇನ್ನೂ ರೆಡಿ ಆಗಿಲ್ವಾ? ಆಮೇಲೆ ಪಾರ್ಕಿಂಗ್ ಸಿಗಲ್ಲ."

"ನಾನು ಬರಲ್ಲ ಕಣೇ. ನಂಗೆ ಊರಿಗೆ ಟಿಕೆಟ್ ಮಾಡಿಸ್ಬಿಡು. ಮೈಸೂರಲ್ಲಿ ನಿಮ್ಮತ್ತೆ ಮನೇಲಿ ಇದ್ದುಬಿಡ್ತೀನಿ."

"ಯಾಕೆ, ನನ್ನ ಕಾಗೆ ಅಷ್ಟು ಕೆಟ್ಟದಾಗಿದ್ಯಾ?"

"ಕಾಗೇದೇನು ತಪ್ಪು? ಕಾಯಿಸಿದ್ದು ಗುಬ್ಬಿ. ಅದು ಯಾರು ಅಂತ ತಿಳಿಯದಷ್ಟು ಕಣ್ಣು ಮಂಜಾಗಿಲ್ಲ ನಂಗೆ. ನಿಮ್ಮಪ್ಪನ್ನ ಬಾಗಿಲಲ್ಲೇ ನಿಲ್ಸಿದೆ. ನೀನು ಬರೆದಿರೋದು ಸರಿಯಾಗೇ ಇದೆ ಬಿಡು."

ಧೃತಿ ಮೆಟ್ಟಿಲ ಮೇಲೆ ಕೂತಳು. ಕೋಟಿನ ಇನ್ನೊಂದು ತೋಳು ಹಾಗೇ ಜೋತಾಡುತ್ತಿತ್ತು.

"ಗುಬ್ಬಿ ನೀನೇ. ಆದ್ರೆ ಕಾಗೆ ಅಪ್ಪ ಅಲ್ಲ ಅಜ್ಜಿ. ನಾನು."

"ನೀನ್ಯಾಕೆ ಆಗ್ತೀಯ?"

"ನಾನು ಮೊದಲ್ನೇ ಸಲ ತಟ್ಟೋ ಮುಂಚೇನೇ ಅಪ್ಪ ಹೋಗಿದ್ರು. ನೀನು 'ತಾಳು' ಅಂದಾಗ್ಲೆಲ್ಲ, ಸದ್ಯ, ಅಜ್ಜಿಗೆ ಇನ್ನೊಂದು ಸ್ವಲ್ಪ ಹೊತ್ತು ಮಗ ಇದಾನೆ ಅನ್ಕೊಂಡೆ."