ಗೋಡೆಯ ಆಚೆ ಯಾರು

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನಿಪ್ಪಾಣಿಯ ಆ ಮಧ್ಯಾಹ್ನ ಈಗಲೂ ಕಣ್ಣೆದುರು ಬರುತ್ತದೆ.

ಪೇಟೆಯ ಚಾಳದ ಒಂದೇ ಖೋಲಿಯ ಮನೆ ಬಿಟ್ಟು ಅಕ್ಕೋಳ ರಸ್ತೆಯ ಹೊಸ ಮನೆಗೆ ಬಂದು ವಾರವೂ ಆಗಿರಲಿಲ್ಲ. "ಹಿತ್ತಲಾ ಎಷ್ಟ ದೊಡ್ಡದೈತಿ ನೋಡು. ಇಲ್ಲಿ ಯಾರೂ ಬೈಯೂದಿಲ್ಲ, ಹೋಗಿ ಆಡು," ಎಂದು ಅಪ್ಪ ಚೆಂಡು ಕೊಟ್ಟಿದ್ದರು. ಅಡುಗೆಮನೆಯ ಹಿಂಗೋಡೆಗೆ ಎಸೆದ ಚೆಂಡು ಪ್ರತಿ ಸಲವೂ ನನ್ನ ಹತ್ತಿರವೇ ವಾಪಸು ಬರುತ್ತಿತ್ತು.

ಚಾಳದಲ್ಲಿ ಪಲ್ಯ ಇಳಿಸಿದ ಕೂಡಲೇ ಅವ್ವ ಸೌಟಿನಿಂದ ಗೋಡೆ ಬಡಿದು ಅತ್ತಿಗೆಗೆ ಅನ್ನುವ ಹಾಗೆ "ವೈನಿ" ಎಂದು ಕರೆಯುತ್ತಿದ್ದಳು. ಪಕ್ಕದ ಖೋಲಿಯ ಶಾಂತಾ ಕಾಕು ಆಚೆಯಿಂದ ತಾವೂ ಬಡಿದು, ಪಲ್ಯಕ್ಕೆಂದು ಖಾಲಿ ಬಟ್ಟಲು, ವಾಟಗಾ, ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು.

ಅಂದು ಹಿತ್ತಲಿಗೆ ಬದನೆಕಾಯಿ ಪಲ್ಯದ ಘಮ ಬಂತು. ಅದರ ಹಿಂದೆಯೇ ಗೋಡೆಯ ಒಳಬದಿಯಿಂದ ಟಕ್ ಟಕ್ ಸದ್ದು, ಅವ್ವನ ದನಿ. "ವೈನಿ, ಬರ್ರಿ, ಪಲ್ಯಾ ಆಗೈತಿ."

ಗೋಡೆಯ ಈಚೆ ನಾನೊಬ್ಬಳೇ ಇದ್ದೆ. ಒಂದು ಕಲ್ಲು ಎತ್ತಿಕೊಂಡು ನಾನೂ ಬಡಿದೆ.

ಒಳಗೆ ಸೌಟು ಕೆಳಗಿಟ್ಟ ಸದ್ದಾಯಿತು. ಅವ್ವ ಕಿಟಕಿಗೆ ಬಂದಳು. ನನ್ನನ್ನೂ ನನ್ನ ಬೆನ್ನ ಹಿಂದಿನ ಬಯಲನ್ನೂ ನೋಡಿದಳು. ಆಮೇಲೆ ಸರಳುಗಳ ಸಂದಿಯಿಂದ ಖಾಲಿ ವಾಟಗಾ ನನ್ನ ಕೈಗಿತ್ತಳು.

"ಮುಂದಿನ ಬಾಗಲಕ ಬರ್ರಿ, ವೈನಿ," ಅಂದಳು. ನಗಲಿಲ್ಲ.